ಮೂರು ಹಳ್ಳು, ಒಂದೇ ಎಮ್ಮೆ

ಬೇರೆಯವರ ಮನೆಗೆ ಕಾಯಿಲೆ ಬಂದರೆ ಒಂದು ಮೂಲೆಯಲ್ಲಿ ಸುಮ್ಮನೆ ಮಲಗಿ, ನಾಲ್ಕು ದಿನಕ್ಕೆ ಎದ್ದು ಹೋಗುತ್ತದಂತೆ. ನಮ್ಮ ಮನೆಗೆ ಬರುವ ಕಾಯಿಲೆಗೆ ಆ ಸಂಸ್ಕಾರವಿಲ್ಲ. ಮಗಳಿಗೆ ಒಂದು ಕೆಮ್ಮು ಬಂದರೂ ತಿಕೋಟಾದ ನಮ್ಮ ಓಣಿಯವರೆಲ್ಲ ಎರಡು ದಿನ ನೆನೆಸಿಕೊಂಡು ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ.

ಹೋದ ವರ್ಷ ಅದು ನನ್ನ ಹೊಟ್ಟೆಗೇ ಬಂತು.

ಮನೆಯಲ್ಲಿ ಇರುವವರು ನಾನು, ನಮ್ಮ ಮನೆಯವರು, ಅತ್ತೆ, ಒಂದನೇ ತರಗತಿಯ ಮಗಳು, ಮತ್ತು ಒಂದು ಎಮ್ಮೆ. ಎಮ್ಮೆಯ ಹೆಸರು ಕೊನೆಗೆ ಬಂತೆಂದು ಅದು ಕೊನೆಯದಲ್ಲ. ಮಗಳ ಶಾಲೆ, ಕರೆಂಟು, ಗ್ಯಾಸು, ಕಿರಾಣಿ ಎಲ್ಲ ನಡೆಯುವುದು ಅದರ ಹಾಲಿನ ಮೇಲೆ. ಮನೆಯವರ ಎರಡು ಎಕರೆ ಹೊಲದ ಮೇಲೆ ನಡೆಯುವುದು ಮನೆಯವರ ಮೀಸೆ ಮಾತ್ರ.

1. ತಂಬಿಗೆ

ಶುರುವಾದದ್ದು ನನ್ನ ತವರು ನಿಡೋಣಿಯಲ್ಲಿ. ತಮ್ಮನ ಬಸುರಿ ಹೆಂಡತಿಯ ಕುಬಸ, ಅಂದರೆ ಸೀಮಂತ, ಇತ್ತು. ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದವಳು ನಮ್ಮವ್ವ. ಅವಳಿಗೆ ಮಗಳ ತಟ್ಟೆ ಕಂಡರೆ ಕೈ ನಿಲ್ಲುವುದಿಲ್ಲ. ನಾಲ್ಕನೆಯ ಹೋಳಿಗೆ ಇಳಿಯುತ್ತಿದ್ದ ಹಾಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮೊಳೆ ಹೊಡೆದಂತಾಯಿತು. ಊರಿಗೆ ಬಂದರೂ ಮೊಳೆ ಅಲ್ಲೇ ಇತ್ತು.

ನಮ್ಮ ಅತ್ತೆ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ ನೋಡಿ ಹೇಳಿದರು: "ಹೊಕ್ಕಳ ಸರದೈತಿ."

"ಅತ್ತೀ, ಬ್ಯಾನಿ ಇರೂದು ಇಲ್ಲಿ, ಮ್ಯಾಲ. ಡಾಕ್ಟರ ಕಡೆ ಹೋಗೂಣ್ರಿ."

"ಡಾಕ್ಟರಗ ಏನ ತಿಳೀತೈತಿ? ನಾ ಮೂರು ಹಡದೀನಿ, ಅವ ಒಂದರ ಹಡದಾನೇನು?"

ಹೊಕ್ಕಳ ಮೇಲೆ ಹಿಟ್ಟಿನ ಸಣ್ಣ ದೀಪ ಇಟ್ಟು, ಹಚ್ಚಿ, ಮೇಲೆ ತಂಬಿಗೆ ಬೋರಲು ಹಾಕಿದರು. ದೀಪ ಆರಿದೊಡನೆ ತಂಬಿಗೆ ಹೊಟ್ಟೆಯನ್ನು ಕಚ್ಚಿಕೊಳ್ಳುತ್ತದೆ, ಸರಿದ ಹೊಕ್ಕಳನ್ನು ಜಾಗಕ್ಕೆ ಎಳೆಯುತ್ತದೆ, ಆಮೇಲೆ ತಾನೇ ಬಿಡುತ್ತದೆ. ಲೆಕ್ಕ ಅಷ್ಟೇ. ಆದರೆ ಸೊಸೆಯ ಮೇಲಿನ ಪ್ರೀತಿಗೆ ಅತ್ತೆ ಮನೆಯಲ್ಲೇ ದೊಡ್ಡ ತಾಮ್ರದ ತಂಬಿಗೆ ತಂದಿದ್ದರು. ಅದು ಕಚ್ಚಿತು, ಬಿಡಲಿಲ್ಲ. ಅತ್ತೆ ತಂಬಿಗೆಯನ್ನು ಜಗ್ಗಿದರು, ತಂಬಿಗೆಯ ಜೊತೆ ನಾನೂ ಎದ್ದು ಕೂತೆ.

"ಜಗ್ಗಬ್ಯಾಡ್ರಿ, ಕರಳ ಹೊರಗ ಬರತಾವ!"

"ಸುಮ್ಮನಿರು. ಬಿಡವಲ್ಲದು ಅಂದ್ರ ಒಳಗ ಬ್ಯಾನಿ ಬಾಳ ಐತಿ ಅಂತ."

ಅಷ್ಟರಲ್ಲಿ ಹಾಲಿನ ಹೊತ್ತಾಯಿತು. ದಿನಾ ಹಾಲು ಒಯ್ಯುವ ವರ್ತನೆಯವರು ಒಬ್ಬೊಬ್ಬರಾಗಿ ಪಾತ್ರೆ ಹಿಡಿದು ಬಂದರು. ಅತ್ತೆ ಹಿಂಡಿದ್ದನ್ನು ಅಳೆದು ಕೊಡುವವಳು ನಾನೇ ಆದ್ದರಿಂದ, ತಂಬಿಗೆಯ ಮೇಲೆ ಸೆರಗು ಹೊದ್ದುಕೊಂಡು ಬಾಗಿಲಲ್ಲಿ ನಿಂತೆ. ಹಿಂದಿನ ಓಣಿಯ ಮಾಸ್ತರರ ಹೆಂಡತಿ ನನ್ನ ಹೊಟ್ಟೆಯನ್ನೇ ನೋಡಿ, ಕಣ್ಣರಳಿಸಿ ಕೇಳಿದರು: "ಹೇಳೇ ಇಲ್ಲಲ್ಲ ಬೇ! ಎಷ್ಟ ತಿಂಗಳಾ?"

"ತಿಂಗಳಲ್ರೀ, ಅರ್ಧಾ ತಾಸ ಆತು," ಎಂದೆ.

ಕೊನೆಗೆ ಬಿಡಿಸಿದವರು ಪಕ್ಕದ ಮನೆಯ ಚಾಚಿ. ಅವರು ಬಟ್ಟೆ ಹೊಲಿಯುವವರು, ಸಿಕ್ಕು ಬಿಡಿಸುವುದು ಅವರಿಗೆ ಗೊತ್ತು. ತಂಬಿಗೆಯ ಅಂಚಿನಲ್ಲಿ ಬೆರಳಿಟ್ಟು ಒತ್ತಿದರು, ಒಳಗೆ ಗಾಳಿ ಹೋಗಿ ತಂಬಿಗೆ ಪುಸ್ ಎಂದು ಕೈಗೆ ಬಂತು. ಹೊಟ್ಟೆನೋವು ಮಾತ್ರ ಇದ್ದಲ್ಲೇ ಇತ್ತು. ಹೆಚ್ಚಿಗೆ ಸಿಕ್ಕಿದ್ದು ಹೊಕ್ಕಳ ಸುತ್ತ ಕೆಂಪಗೆ ಒಂದು ದುಂಡನೆಯ ಗುರುತು. ಮಗಳು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು: "ಅವ್ವನ ಹೊಟ್ಟಿಗೆ ಸಿಕ್ಕಾ ಹೊಡದಾರ! ನಮ್ಮ ಸಾಲಿ ಹೆಡ್‌ಮಾಸ್ತರ್‍ದು ಇದ್ದಂಗ ಐತಿ!"

2. ಏನೂ ತಿಂದಿಲ್ಲ

ಎರಡನೆಯ ಸಲ ಮೊಳೆ ಹೊಡೆದಾಗ ನಾನು ಯಾರ ಮಾತೂ ಕೇಳಲಿಲ್ಲ, ತಿಕೋಟಾದ ಸರಕಾರಿ ದವಾಖಾನೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ, "ವಿಜಯಪುರಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸ್ರಿ. ಖಾಲಿ ಹೊಟ್ಟಿಲೆ ಹೋಗಬೇಕು, ನೀರು ಬಿಟ್ಟು ಏನೂ ತಗೋಬಾರದು," ಎಂದು ಎರಡು ಸಲ ಹೇಳಿದರು. ಎರಡು ಸಲವೂ ಅತ್ತೆ ತಲೆಯಾಡಿಸಿದರು.

ಸ್ಕ್ಯಾನಿಂಗ್ ಮಾಡುವ ಜಾಗ ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ. ನನ್ನ ಜೊತೆಗೆ ಹೊರಟವರು ಅತ್ತೆ. ನಮ್ಮ ಅತ್ತೆಗೆ ಯಾರ ಹಸಿವನ್ನೂ ನೋಡಿಕೊಂಡು ಕೂರಲಾಗುವುದಿಲ್ಲ, ಬೈದಾದರೂ ತಿನ್ನಿಸುತ್ತಾರೆ. ಏಳುವಷ್ಟರಲ್ಲಿ ಚಹಾ ಬಂತು. "ಚಾ ಅಂದ್ರ ನೀರ," ಎಂದರು. ಬಸ್ಸಿನಲ್ಲಿ ಗಂಟು ಬಿಚ್ಚಿ ರೊಟ್ಟಿ ಮುರಿದರು. "ಅರ್ಧಾ ರೊಟ್ಟಿಗೆ ಹೊಟ್ಟಿ ತುಂಬತೈತೇನು? ತುಂಬಿಲ್ಲ ಅಂದ್ರ ಖಾಲಿನ ಅಲ್ಲ?" ಸ್ಕ್ಯಾನಿಂಗಿನ ಸಾಲಿನಲ್ಲಿ ಎರಡು ತಾಸು ಕೂತ ಮೇಲೆ ಶೇಂಗಾ ಹೋಳಿಗೆ ಹೊರಬಂತು. ಅಷ್ಟು ಹೊತ್ತಿಗೆ ನನ್ನ ಓದೂ ಬುದ್ಧಿಯೂ ಹಸಿವಿನಲ್ಲಿ ಕರಗಿಹೋಗಿದ್ದವು. ತಿಂದೆ. ತಪ್ಪು ನನ್ನದೇ.

ಒಳಗೆ ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, "ಏನಾದರೂ ತಿಂದೀರೇನಮ್ಮ?" ಎಂದು ಕೇಳಿದರು.

"ಇಲ್ರಿ," ಎಂದೆ. ಮತ್ತೆ ಸಾಲು ಹಚ್ಚುವ ಧೈರ್ಯ ನನಗಿರಲಿಲ್ಲ.

ಬಾಗಿಲಲ್ಲಿ ನಿಂತ ಅತ್ತೆಗೆ ನನ್ನ ಮೇಲೆ ಕರುಣೆ ಉಕ್ಕಿತು. "ಏನೂ ತಿಂದಿಲ್ರೀ ಸಾಹೇಬ್ರ, ಪಾಪ! ಮುಂಜಾನಿ ಎರಡ ಕಪ್ ಚಾ, ಬಸ್ಸಿನ್ಯಾಗ ಅರ್ಧಾ ರೊಟ್ಟಿ ಪಲ್ಯಾ, ಈಗ ಇಲ್ಲೆ ಎರಡ ಶೇಂಗಾ ಹೋಳಿಗಿ. ಅಷ್ಟ ನೋಡ್ರಿ. ನಿನ್ನಿಯಿಂದ ಉಪಾಸ ಕುಂತಾಳ."

ಡಾಕ್ಟರು ಅಂಟು ಒರೆಸಿಕೊಳ್ಳಲು ಕಾಗದ ಕೊಟ್ಟು, "ನಾಳೆ ಬರ್ರಿ," ಎಂದರು.

ಮರುದಿನ ಅತ್ತೆಯ ಮೇಲೆ ಕಾವಲಿಗೆ ಮಗಳನ್ನು ಕರೆದೊಯ್ದೆ. ಅತ್ತೆ ಗಂಟಿಗೆ ಕೈ ಹಾಕಿದಾಗೆಲ್ಲ ಅವಳು, "ಆಯೀ! ಡಾಕ್ಟರಗ ಹೇಳತೀನಿ ನೋಡು," ಎನ್ನುತ್ತಿದ್ದಳು. ಅಂತೂ ಸ್ಕ್ಯಾನಿಂಗ್ ಆಯಿತು. ಪಿತ್ತದ ಚೀಲದಲ್ಲಿ ಮೂರು ಹಳ್ಳು, ಅಂದರೆ ಕಲ್ಲು, ಇವೆ, ಆಪರೇಶನ್ ಮಾಡಿ ಚೀಲವನ್ನೇ ತೆಗೆಯಬೇಕು, ತಡ ಮಾಡಿದರೆ ಕಾಮಾಲೆಗೆ ತಿರುಗೀತು ಎಂದರು ಡಾಕ್ಟರು.

ಅತ್ತೆ ಹಣೆ ಬಡಿದುಕೊಂಡರು. "ಹೇಳಿದರ ಕೇಳಂಗಿಲ್ರೀ ಈಕಿ. ಅಕ್ಕಿ ನೆಟ್ಟಗ ಆರಸಂಗಿಲ್ಲ, ಹಳ್ಳು ಎಲ್ಲಾ ಹೊಟ್ಟಿಗೆ ಹೋಗ್ಯಾವ!"

"ಅತ್ತೀ, ಮನ್ಯಾಗ ಅಕ್ಕಿ ಆರಸೂದು ನೀವ್ರಿ," ಎಂದೆ. "ನಾ ಬರೇ ಉಣ್ಣಾಕಿ."

3. ಬೆರಳು

ಖಾಸಗಿ ಆಸ್ಪತ್ರೆಯವರು ಆಪರೇಶನ್ನಿಗೆ ಹೇಳಿದ ಮೊತ್ತ ಕೇಳಿದ ಮೇಲೆ ನಮ್ಮ ಮನೆಯವರು ನನ್ನ ಮುಖ ನೋಡುವುದನ್ನು ಬಿಟ್ಟು ಎಮ್ಮೆಯ ಮುಖ ನೋಡತೊಡಗಿದರು.

"ಎಮ್ಮಿ ಮಾರೂಣಂತ," ಎಂದರು ಎರಡನೆಯ ದಿನ.

"ಎಮ್ಮಿ ಮಾರಿ ಹೊಟ್ಟಿ ನೆಟ್ಟಗ ಮಾಡಿಸಿದರ, ಆಮ್ಯಾಲ ಆ ಹೊಟ್ಟಿಗೆ ಹಾಕೂದು ಏನು? ನಿಮ್ಮ ಮೀಸಿನೇನು?"

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಒಳಗೆ ಅಂಜಿಕೆ ಇತ್ತು. ಎಮ್ಮೆ ಹೋಗಬಾರದು, ಹೊಟ್ಟೆಯೂ ನೆಟ್ಟಗಾಗಬೇಕು. ಎರಡೂ ಒಟ್ಟಿಗೆ ಆಗುವ ದಾರಿ ತೋರಿಸಿದವರು ಚಾಚಿಯೇ. "ಬೇಟಿ, ರೇಶನ್ ಕಾರ್ಡ ಇದ್ದವರಿಗೆ ದವಾಖಾನಿ ಕಾರ್ಡ ಮಾಡಿ ಕೊಡತಾರ. ಸರಕಾರಿ ಡಾಕ್ಟರ ಚೀಟಿ ತಗೊಂಡ ಹೋದರ ಆಪರೇಶನ್ ಪುಕಟ. ನಮ್ಮ ಅಕ್ಕನ ಮಗಂದು ಹಂಗ ಆಗೇತಿ."

ಮನೆಯ ರೇಶನ್ ಕಾರ್ಡು ತೆಗೆದು ನೋಡಿದರೆ ಅದರಲ್ಲಿ ನನ್ನ ಹೆಸರೇ ಇಲ್ಲ. ಮದುವೆಯಾಗಿ ಎಂಟು ವರ್ಷವಾಗಿದೆ. ನಿಡೋಣಿಗೆ ಫೋನು ಹಚ್ಚಿದೆ.

"ಅವ್ವಾ, ನನ್ನ ಹೆಸರು ಇನ್ನೂ ನಿನ್ನ ಕಾರ್ಡಿನ್ಯಾಗ ಐತೇನು?"

"ಐತಿ. ಯಾಕ ತಗೀಬೇಕು?" ಎಂದಳು ನಮ್ಮವ್ವ. "ನೀ ಗಂಡನ ಮನಿಗೆ ಹೋದಿ, ಹೋಗು. ನಿನ್ನ ಪಾಲಿನ ಅಕ್ಕಿ ಏನ ತಪ್ಪ ಮಾಡಿದ್ದವು? ಅವ ತವರಾಗ ಇರಲಿ."

ಎಂಟು ವರ್ಷ ತವರಿನವರು ನನ್ನನ್ನು ತಿಂಗಳಿಗೊಮ್ಮೆ ನೆನೆದು ಉಂಡಿದ್ದಾರೆ ಎಂದು ಅವತ್ತು ತಿಳಿಯಿತು. ಇರಲಿ, ಹೆಸರು ಎಲ್ಲೋ ಒಂದು ಕಡೆ ಇದೆಯಲ್ಲ. ಕಾರ್ಡು ಬಬಲೇಶ್ವರ ತಾಲೂಕಿನದು, ಬೆರಳು ಹಚ್ಚಲು ಅಲ್ಲಿಗೇ ಬಾ ಎಂದು ನಮ್ಮವ್ವ ಹೇಳಿದಳು. ಅತ್ತೆ ಮತ್ತು ನಾನು ಹೋದೆವು.

ಕಂಪ್ಯೂಟರ್ ಮುಂದೆ ಕೂತವನು ಹೆಬ್ಬೆರಳು ಇಡಲು ಹೇಳಿದ. ಇಟ್ಟೆ. ಕೆಂಪು ದೀಪ. ಇನ್ನೊಂದು ಹೆಬ್ಬೆರಳು. ಕೆಂಪು. ತೋರುಬೆರಳು, ನಡುಬೆರಳು, ಎಲ್ಲ ಕೆಂಪು.

"ಬೆರಳಿಗೆ ಗೆರಿನ ಇಲ್ಲಲ್ಲ ಅಕ್ಕಾರ," ಎಂದ ಅವನು. "ಏನ ಕೆಲಸಾ ಮಾಡತೀರಿ?"

"ಮನ್ಯಾಗ ಕುಂದರತೀನಿ," ಎಂದೆ. ಯಾರು ಕೇಳಿದರೂ ನಾವು ಹಾಗೇ ಹೇಳುವುದಲ್ಲವೇ? ದಿನಕ್ಕೆ ಮೂವತ್ತು ರೊಟ್ಟಿ ಬಡಿದು, ಸಗಣಿ ಬಾಚಿ, ಬೂದಿ ಹಾಕಿ ಪಾತ್ರೆ ತಿಕ್ಕಿ, ಮನೆಯಲ್ಲಿ ಕೂತೂ ಕೂತೂ ಸವೆದ ಬೆರಳುಗಳು ಅವು. ಅವನು ನಿಂಬೆಹಣ್ಣು ತಿಕ್ಕಿಸಿದ, ಸೋಪು ಹಚ್ಚಿಸಿದ, ತಲೆಗೂದಲಿಗೆ ಒರೆಸಲು ಹೇಳಿದ. ಏನೂ ಆಗಲಿಲ್ಲ.

"ಮಷೀನ ಕೆಟ್ಟೈತಿ ತಗೋ," ಎಂದು ಅತ್ತೆ ಮುಂದೆ ಬಂದು ತಮ್ಮ ತೋರುಬೆರಳು ಇಟ್ಟರು. ಒಂದೇ ಸಲಕ್ಕೆ ಹಸಿರು ದೀಪ ಹತ್ತಿತು. "ನೋಡ್ರಿ, ಎಷ್ಟ ಚೊಲೋ ಗೆರಿ ಅದಾವ ಅಮ್ಮಾರ್‍ದು!" ಎಂದು ಹೊಗಳಿದ ಅವನು.

ಇರದೆ ಏನು? ಅದು ಎಂಟು ವರ್ಷದಿಂದ ನನಗೆ ಕೆಲಸ ತೋರಿಸಲಷ್ಟೇ ಬಳಸಿದ ಬೆರಳು.

ಕೊನೆಗೆ ನನ್ನ ಎಡಗೈಯ ಕಿರುಬೆರಳು ಮಾನ ಕಾಪಾಡಿತು. ಕಾರ್ಡು ಆಯಿತು, ಸರಕಾರಿ ಡಾಕ್ಟರಮ್ಮನ ಚೀಟಿ ಸಿಕ್ಕಿತು. ವಾರದೊಳಗೆ ವಿಜಯಪುರದ ಆಸ್ಪತ್ರೆಯಿಂದ ಫೋನು ಬಂತು: ಆಪರೇಶನ್ನಿಗೆ ಒಪ್ಪಿಗೆ ಬಂದಿದೆ, ಬನ್ನಿ.

ನಾನು ಕುಣಿಯುವುದೊಂದು ಬಾಕಿ. ನಮ್ಮ ಮನೆಯವರು ಮಾತ್ರ ಕುತ್ತಿಗೆ ತುರಿಸಿಕೊಳ್ಳುತ್ತ ನಿಂತಿದ್ದರು.

"ಏನಾತ್ರಿ?"

"ಒಪ್ಪಿಗಿ ಬರಲಿಕ್ಕಿಲ್ಲ ಅನಕೊಂಡ... ತೊರವಿ ದಲ್ಲಾಳಿ ಕಡಿಂದ ನಿನ್ನೆ ಸಂಚಕಾರ ಇಸಗೊಂಡೀನಿ. ಬರೂ ಸೋಮವಾರ ಬಾಕಿ ರೊಕ್ಕಾ ಕೊಟ್ಟ ಎಮ್ಮಿ ಹೊಡಕೊಂಡ ಹೋಗತಾನ."

ಸಂಚಕಾರ ಎಂದರೆ ವ್ಯಾಪಾರ ಕುದುರಿದ್ದಕ್ಕೆ ಮುಂಗಡ. ಕೊಂಡವನು ಬೇಡವೆಂದರೆ ಅವನ ಹಣ ಹೋಯಿತು. ಮಾರುವವರು ಹಿಂದೆ ಸರಿದರೆ ದುಪ್ಪಟ್ಟು ಕೊಡಬೇಕು. ನಮ್ಮ ಕಡೆ ಇದಕ್ಕೆ ಕಾಗದ ಬೇಡ, ಟವೆಲ್ಲಿನ ಅಡಿ ಬೆರಳು ಹಿಡಿದರೆ ಮುಗಿಯಿತು. ಇಸಿದುಕೊಂಡದ್ದನ್ನು ಆಗಲೇ ಬೀಜಕ್ಕೆ ಹಾಕಿಬಿಟ್ಟಿದ್ದರು. ದುಪ್ಪಟ್ಟು ಎಲ್ಲಿಂದ ತರುವುದು?

ನಾನು ಹೊರಗೆ ಬಂದು ಚಾಚಿಗೆ ಹೇಳಿದೆ: "ನನಗ ಹೊಟ್ಟ್ಯಾಗ ಮೂರು ಹಳ್ಳು ಅದಾವ ಅಂತ ಊರೆಲ್ಲಾ ಮರಗತೈತಿ. ಇವರ ತಲ್ಯಾಗ ಇಡೀ ಬಂಡಿಗಲ್ಲ ಐತಿ, ಅದಕ್ಕ ಯಾರೂ ಸ್ಕ್ಯಾನಿಂಗ್ ಮಾಡಂಗಿಲ್ಲ."

4. ಮಾತಾಡಿಸಲು ಬಂದವರು

ಆಪರೇಶನ್ ಚೆನ್ನಾಗಿಯೇ ಆಯಿತು. ಹೊಟ್ಟೆಗೆ ಗಾಳಿ ತುಂಬಿ, ದುರ್ಬೀನು ಹಾಕಿ, ನಾಲ್ಕು ಸಣ್ಣ ತೂತಿನಲ್ಲೇ ಚೀಲ ತೆಗೆದರು. ಆಪರೇಶನ್ನಿಗಿಂತ ಕಷ್ಟವಾದದ್ದು ಮಾತಾಡಿಸಲು ಬಂದವರನ್ನು ತಡೆದುಕೊಳ್ಳುವುದು.

ನಮ್ಮ ಕಡೆ ಒಬ್ಬರು ಆಸ್ಪತ್ರೆಗೆ ಸೇರಿದರೆ ಮಾತಾಡಿಸಲು ಹೋಗಲೇಬೇಕು. ಹೋಗದವರ ಹೆಸರು ಹತ್ತು ವರ್ಷ ನೆನಪಿರುತ್ತದೆ. ನಿಡೋಣಿಯಿಂದ ಒಂದು ಟಂಟಂ ರಿಕ್ಷಾ ತುಂಬ, ತಿಕೋಟಾದಿಂದ ಇನ್ನೊಂದು ಟಂಟಂ ತುಂಬ ಬಂದರು. ಒಳಗೆ ಬಿಡುವುದು ಒಂದು ಪಾಸಿಗೆ ಒಬ್ಬರನ್ನು. ಒಬ್ಬರು ಬಂದು, ಕೂತು, ಕಣ್ಣೊರೆಸಿಕೊಂಡು ಹೋಗಿ, ಅದೇ ಪಾಸನ್ನು ಕಿಟಕಿಯಿಂದ ಇನ್ನೊಬ್ಬರಿಗೆ ಕೊಡುತ್ತಿದ್ದರು. ಬಾಗಿಲಿನವನು ನಮ್ಮವ್ವನಿಗೆ ಕೇಳಿದನಂತೆ: "ಪೇಶಂಟ್ ಏನ ಮಂತ್ರಿ ಅದಾರೇನ್ರಿ?"

ಬಂದವರ ಕೈಯಲ್ಲಿ ಬಾಳೆಹಣ್ಣು, ಬ್ರೆಡ್ಡು, ಬಿಸ್ಕೀಟು. ನನಗೋ ನೀರೂ ಕೊಟ್ಟಿರಲಿಲ್ಲ. ಬೇಡವೆನ್ನುವ ಹಾಗಿಲ್ಲ. ಬೇನೆ ಬಿದ್ದವರಿಗೆ ತಂದ ಹಣ್ಣನ್ನು ಹೊಳ್ಳಿ ವಾಪಸು ಒಯ್ದರೆ ಬೇನೆಯೂ ಅದರ ಜೊತೆ ತಂದವರ ಮನೆಗೇ ಹೋಗುತ್ತದೆಂದು ನಂಬುವವರು ನಾವು. ಮಂಚದ ಕೆಳಗೆ ಬಾಳೆಹಣ್ಣಿನ ಅಂಗಡಿಯೇ ಆಯಿತು. ದಿನಾ ಸಂಜೆ ಅತ್ತೆ ಎರಡು ಚೀಲ ತುಂಬಿಕೊಂಡು ತಿಕೋಟಾ ಬಸ್ಸು ಹತ್ತುತ್ತಿದ್ದರು. ಮಗಳಿಗೂ ಓಣಿಯ ಮಕ್ಕಳಿಗೂ ಆಯಿತು ಎಂದುಕೊಂಡೆ.

ಮಾತಾಡಿಸುವುದು ಎಂದರೆ ಧೈರ್ಯ ಹೇಳುವುದು. ನಮ್ಮ ಚಿಕ್ಕಮ್ಮ ಹೇಳಿದ ಧೈರ್ಯ ಹೀಗಿತ್ತು.

"ಏನೂ ಅಂಜಬ್ಯಾಡ. ನಮ್ಮ ಓಣ್ಯಾಗ ಒಬ್ಬಾಕಿಗೆ ಇದ ಆಪರೇಶನ್ ಆಗಿತ್ತು."

"ಹೌದಾ? ಈಗ ಹೆಂಗದಾಳ?"

"ಆಕಿ ತೀರಿಕೊಂಡ ಎರಡು ವರ್ಷ ಆತು. ನೀ ಮನಸ್ಸಿಗೆ ಹಚಗೋಬ್ಯಾಡ."

ಕೊನೆಗೆ ಬಂದವನು ತೊರವಿಯ ದಲ್ಲಾಳಿ. ಎಳನೀರು ತಂದಿದ್ದ. ಮಂಚದ ಪಕ್ಕ ಕೂತು ನಿಜವಾದ ಕಾಳಜಿಯಿಂದ ಕೇಳಿದ: "ಆರಾಮ ಅದೀ ಏನವಾ ತಂಗಿ? ಬ್ಯಾನಿ ಕಡಿಮಿ ಆಗೇತಿ? ಹಸಿವಿ ಆಗತೈತಿ?"

"ಆರಾಮ ಅದೀನ್ರೀ ಅಣ್ಣಾರ."

"ಚೊಲೋ ಆತು, ಚೊಲೋ ಆತು. ಮತ್ತ ಈಗೂ ಹೊತ್ತಿಗೆ ಐದ ಲೀಟರ ಕೊಡಾಕತ್ತೈತಲ್ಲ?"

ಆಪರೇಶನ್ ಪೂರ್ತಿ ಪುಕ್ಕಟೆ ಆಯಿತು. ಕಾರ್ಡಿನ ಮೇಲೆ ಸಿಗದೆ ಇದ್ದದ್ದು ಒಂದೇ, ಎರಡು ಟಂಟಂ ಜನಕ್ಕೆ ಚಹಾ.

5. ಡಾಕ್ಟರು ಕೇಳಿದ ಪ್ರಶ್ನೆ

ಆಪರೇಶನ್ನಿನ ಮರುದಿನ ದೊಡ್ಡ ಡಾಕ್ಟರು ಬಂದಾಗ ಮಂಚದ ಸುತ್ತ ನಮ್ಮವ್ವ, ಅತ್ತೆ, ಮನೆಯವರು, ಮತ್ತು ನನ್ನ ದೊಡ್ಡಪ್ಪ ಇದ್ದರು. ಪಾಸಿನ ಕಟ್ಟುನಿಟ್ಟು ನಮ್ಮವರ ಮುಂದೆ ಅಷ್ಟೊತ್ತಿಗೆ ಸೋತಿತ್ತು. ದೊಡ್ಡಪ್ಪ ಬಹಳ ಗಂಭೀರ ಮನುಷ್ಯ. ತಲೆಗೆ ಪಟಗ ಸುತ್ತಿ ನಿಂತರೆ ಮನೆಯ ಹೆಣ್ಣುಮಕ್ಕಳು ಜೋರಾಗಿ ಉಸಿರಾಡುವುದಿಲ್ಲ. ನನ್ನ ಮದುವೆಯ ದಿನವೂ ನನ್ನ ಜೊತೆ ಅವರು ಆಡಿದ್ದು ಎರಡೇ ಮಾತು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಗಾಳಿ ಹೋತೇನಮ್ಮ?"

ನಾನು ಕಿಟಕಿಯ ಕಡೆ ನೋಡಿದೆ, ತೆರೆದೇ ಇತ್ತು. ನರ್ಸು ಬಿಡಿಸಿ ಹೇಳಿದಳು, ಎಲ್ಲಿಯ ಗಾಳಿ ಎಂದು. ಮಂಚ ಬಾಯಿ ತೆರೆದು ನನ್ನನ್ನು ನುಂಗಬಾರದೇ ಎನಿಸಿತು. ದೊಡ್ಡಪ್ಪ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

"ಅದು ಹೋದರ ಕರಳು ಕೆಲಸಾ ಮಾಡಾಕತ್ತಾವ ಅಂತ. ಅಲ್ಲೀತನಕ ಚಾನೂ ಕೊಡಬ್ಯಾಡ್ರಿ," ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅಲ್ಲಿಂದ ಶುರು. ಅತ್ತೆ ನನ್ನ ತೋಳು ಹಿಡಿದು ವರಾಂಡದಲ್ಲಿ ಅಡ್ಡಾಡಿಸಿದರು. ಹತ್ತು ನಿಮಿಷಕ್ಕೊಮ್ಮೆ ಫೋನು. ನಿಡೋಣಿಯಿಂದ ತಮ್ಮನ ಹೆಂಡತಿ, "ಆತೇನ್ರಿ?" ತಿಕೋಟಾದಿಂದ ಚಾಚಿ, "ಆತೇನ್ರಿ?" ಅತ್ತೆ ಫೋನಿನ ಸ್ಪೀಕರು ಹಾಕಿಯೇ ಮಾತಾಡುವವರು. "ಇನ್ನೂ ಇಲ್ರಿ. ಏನ ಮಾಡೂದು, ಮೊದಲಿಂದಾನೂ ಹಟಮಾರಿ."

ಮಧ್ಯಾಹ್ನದ ಹೊತ್ತಿಗೆ ದೇವರು ಕಣ್ಣು ಬಿಟ್ಟ. ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು ಪಿಸುಗುಟ್ಟಲಿಲ್ಲ. ಫೋನು ತೆಗೆದು ಇಡೀ ವಾರ್ಡಿಗೆ ಕೇಳುವ ಹಾಗೆ, "ಆತಂತ್ರೀ, ಆತು!" ಎಂದರು. ಆ ಕಡೆ ನಿಡೋಣಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಪಕ್ಕದ ಮಂಚದ ಅಜ್ಜಿ ಎರಡೂ ಕೈ ಎತ್ತಿ ಮುಗಿದರು. ದೊಡ್ಡಪ್ಪ ಪಟಗ ಸರಿಪಡಿಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು, "ಚೊಲೋ ಮಾಡಿದಿ ಯವ್ವಾ," ಎಂದರು.

ಹತ್ತನೇ ಪಾಸಾದಾಗಲೂ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

6. ಎಮ್ಮೆಯ ಹೊಟ್ಟೆ

ಶನಿವಾರ ಮನೆಗೆ ಬಂದೆ. ಒಂದು ತಿಂಗಳು ತುಪ್ಪ, ಎಣ್ಣೆ, ಕೆನೆಹಾಲು ಮುಟ್ಟಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೇಗೂ ಸೋಮವಾರದ ಮೇಲೆ ಹಾಲೇ ಇರುವುದಿಲ್ಲವಲ್ಲ ಎಂದುಕೊಂಡು ಎಮ್ಮೆಯ ಬಳಿ ಹೋಗಿ ನಿಂತರೆ, ಅದು ಮೂಗಿನಿಂದ ನನ್ನ ಸೆರಗು ತಳ್ಳಿತು. ಅವತ್ತು ಮನೆಯವರ ಜೊತೆ ನಾನು ಜಗಳವನ್ನೂ ಮಾಡಲಿಲ್ಲ. ಅದು ಅವರಿಗೆ ಜಗಳಕ್ಕಿಂತ ಹೆಚ್ಚು ತಾಗಿತು.

ಸೋಮವಾರ ಬೆಳಿಗ್ಗೆ ಅತ್ತೆ ದನದ ಮನೆಯಿಂದ ಕೂಗಿದರು. ಹೋಗಿ ನೋಡಿದರೆ ಎಮ್ಮೆ ಕಾಲು ಮಡಚಿ ಮಲಗಿದೆ. ಮೆಲುಕು ಹಾಕುತ್ತಿಲ್ಲ. ಎಡಗಡೆಯ ಹೊಟ್ಟೆ ನಗಾರಿಯ ಹಾಗೆ ಉಬ್ಬಿದೆ. ಕೈಯಿಂದ ತಟ್ಟಿದರೆ ಢಬ್ ಎನ್ನುತ್ತದೆ. ಮಾರಿ ಹೋಗುವುದು ಬೇರೆ, ಸತ್ತು ಹೋಗುವುದು ಬೇರೆ.

ದನದ ಡಾಕ್ಟರು ಓಡಿ ಬಂದರು. ಹೊಟ್ಟೆ ತಟ್ಟಿ, ಬಾಯಿ ತೆರೆದು ನೋಡಿ ಕೇಳಿದರು: "ಏನ ತಿನಿಸೀರಿ ಇದಕ್ಕ?"

"ಏನೂ ತಿಂದಿಲ್ರೀ ಸಾಹೇಬ್ರ, ಪಾಪ!" ಎಂದರು ಅತ್ತೆ. ಆ ಮಾತು ನಾನು ಎಲ್ಲೋ ಕೇಳಿದ್ದೆ. "ನಿನ್ನಿ ಒಂದ ಆರ ಡಜನ್ ಬಾಳಿಹಣ್ಣ, ಹತ್ತ ಪಾಕೀಟ ಬ್ರೆಡ್ಡ, ಒಂದ ನಾಕ ಪುಡಾ ಬಿಸ್ಕೀಟ. ಅಷ್ಟ ನೋಡ್ರಿ. ಹೊಳ್ಳಿ ಒಯ್ಯಂಗಿಲ್ಲ, ಚೆಲ್ಲಂಗಿಲ್ಲ, ಕೆಟ್ಟ ಹೋಗಾಕತ್ತಿದ್ದವು. ಹೆಂಗೂ ಬ್ಯಾರೇ ಮನಿಗೆ ಹೋಗಾಕತ್ತೈತಿ, ಒಂದ ಸಿಹಿ ಊಟ ಮಾಡಿ ಹೋಗಲಿ ಅಂತ..." ಎನ್ನುತ್ತ ಕಣ್ಣಿಗೆ ಸೆರಗು ಹಚ್ಚಿದರು.

ಡಾಕ್ಟರು ಎರಡು ಇಂಜೆಕ್ಷನ್ ಚುಚ್ಚಿ, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಮತ್ತು ಔಷಧಿ ಕುಡಿಸಿ, ಹಗ್ಗ ಹಿಡಿದು ಎಬ್ಬಿಸಿದರು. "ಇನ್ನ ಅಡ್ಡಾಡಸ್ರಿ. ಗಾಳಿ ಹೋತಂದ್ರ ಉಳೀತು. ಸಂಜಿತನಕ ಸುಧಾರಸತೈತಿ."

ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಗುವ ಹೊತ್ತಲ್ಲ ಎಂದು ಹಲ್ಲು ಕಚ್ಚಿದೆ. ಅತ್ತೆ ಎಮ್ಮೆಯ ಹಗ್ಗ ಹಿಡಿದು, ವರಾಂಡದಲ್ಲಿ ನನ್ನನ್ನು ನಡೆಸಿದ ಹಾಗೆಯೇ, "ಬಾ ನಮ್ಮವ್ವ, ನಿಧಾನಕ್ಕ ಬಾ," ಎಂದು ಅಂಗಳದಲ್ಲಿ ತಿರುಗಿಸತೊಡಗಿದರು. ಸುದ್ದಿ ಓಣಿಗೆ ಹಬ್ಬಿ ಎಲ್ಲರೂ ಬಂದು ಗೋಡೆಗುಂಟ ನಿಂತರು. ಮನೆಯವರು ಎಮ್ಮೆಯ ಬಾಲದ ಹಿಂದೆಯೇ, ಪರೀಕ್ಷೆಯ ರಿಸಲ್ಟು ಕಾಯುವವರ ಹಾಗೆ.

ಆಗ ಪಿಕಪ್ ಗಾಡಿ ಬಂತು. ದಲ್ಲಾಳಿ ಇಳಿದ. ಒಂದು ಕೈಯಲ್ಲಿ ಎಮ್ಮೆಗೆ ಹೊಸ ಹಗ್ಗ, ಇನ್ನೊಂದು ಕೈಯಲ್ಲಿ ನನಗೆಂದು ಒಂದು ಡಜನ್ ಬಾಳೆಹಣ್ಣು. ಉಬ್ಬಿದ ಹೊಟ್ಟೆ ನೋಡಿ ಅಲ್ಲೇ ನಿಂತ.

"ಏನಾಗೇತಿ ಇದಕ್ಕ?"

ಸುಳ್ಳು ಹೇಳಿದರೆ ಎಮ್ಮೆ ಉಳಿಯುತ್ತದೆಂದು ಮನಸ್ಸಿಗೆ ಬಂತು. ನಾಲಿಗೆ ಚೂಪು ಇರಬಹುದು, ಸುಳ್ಳಿಗೆ ತಿರುಗುವುದಿಲ್ಲ. ಇದ್ದದ್ದನ್ನೇ ಹೇಳಿದೆ. "ಹಣ್ಣು ತಿಂದು ಹೊಟ್ಟಿ ಉಬ್ಬೇತ್ರೀ ಅಣ್ಣಾರ. ಸಂಜಿತನಕ ಗುಣ ಆಗತೈತಿ ಅಂತ ಡಾಕ್ಟರ್ ಇಲ್ಲೇ ಹೇಳಾಕತ್ತಾರ. ಬೇಕಂದ್ರ ಕುಂದರ್ರಿ, ಸಂಜಿಗೆ ಹೊಡಕೊಂಡ ಹೋಗ್ರಿ."

ಅವನು ನಕ್ಕ. "ಬಾಳ ಶಾಣ್ಯಾಕಿ ಅದೀ ತಂಗಿ. ಹಣ್ಣ ತಿಂದ ಎಮ್ಮಿ ಮಲಗತೈತೇನು? ಇದಕ್ಕ ಮೊದಲಿಂದ ಏನೋ ಐತಿ, ನನ್ನ ಕೊಳ್ಳಿಗೆ ಕಟ್ಟಾಕತ್ತೀರಿ."

"ದೇವರಾಣಿಗೂ ಅಲ್ರಿ," ಎಂದರು ಮನೆಯವರು.

"ಹೋದ ವಾರ ನಿನ್ನ ಹೇಣ್ತಿ ಹೊಟ್ಟಿ ನೋಡಾಕ ಬಿಜಾಪುರಕ್ಕ ಬಂದಿದ್ದೆ, ಈ ವಾರ ಎಮ್ಮಿ ಹೊಟ್ಟಿ ನೋಡಾಕ ಇಲ್ಲಿ ಬಂದೀನಿ. ಈ ಮನ್ಯಾಗ ಒಬ್ಬರ ಹೊಟ್ಟಿನೂ ನೆಟ್ಟಗಿಲ್ಲ. ನನಗ ಬ್ಯಾಡಪಾ ಈ ಎಮ್ಮಿ."

ಚಾಚಿ ಗೋಡೆಯ ಆ ಕಡೆಯಿಂದ ತಟ್ಟನೆ ಕೇಳಿದರು: "ನೀವ ಬ್ಯಾಡ ಅಂದ್ರಿ. ಎಲ್ಲಾರೂ ಕೇಳೀವಿ. ಸಂಚಕಾರ?"

ದಲ್ಲಾಳಿ ನನ್ನ ಹೊಟ್ಟೆ ನೋಡಿದ, ಎಮ್ಮೆಯ ಹೊಟ್ಟೆ ನೋಡಿದ. "ಇಟಗೋರಿ, ಡಾಕ್ಟರ ಖರ್ಚಿಗೆ ಆಗತೈತಿ," ಎಂದು ಗಾಡಿ ಹತ್ತಿದ. ತಂದ ಬಾಳೆಹಣ್ಣು ಮಾತ್ರ ಹೊಳ್ಳಿ ಒಯ್ಯಲಿಲ್ಲ, ಕಟ್ಟೆಯ ಮೇಲೆ ಬಿಟ್ಟು ಹೋದ. ಅವನಿಗೂ ನಮ್ಮ ನಂಬಿಕೆಯೇ ಅಲ್ಲವೇ?

ಪಿಕಪ್ಪು ಓಣಿ ದಾಟಿ ತಿರುವಿನಲ್ಲಿ ಮರೆಯಾಯಿತು. ಅದನ್ನೇ ಕಾಯುತ್ತಿದ್ದ ಹಾಗೆ ಎಮ್ಮೆ ನಿಂತಲ್ಲೇ ಕಾಲು ಅಗಲಿಸಿತು, ಬಾಲ ಎತ್ತಿತು. ಆ ಸದ್ದಿಗೆ ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಬಾಲದ ಹಿಂದೆಯೇ ಕಾಯುತ್ತಿದ್ದ ನಮ್ಮ ಮನೆಯವರಿಗೆ ರಿಸಲ್ಟು ಎಲ್ಲರಿಗಿಂತ ಮೊದಲು ತಿಳಿಯಿತು.

ಓಣಿಯೆಲ್ಲ ಚಪ್ಪಾಳೆ ತಟ್ಟಿತು. ನಾನು ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಕಟ್ಟೆಯ ಮೇಲೆ ಕೂತೆ. ನಗಬೇಡ ಎಂದು ಡಾಕ್ಟರು ಹೇಳಿರಲಿಲ್ಲ ಸದ್ಯ. ಅತ್ತೆ ಅಷ್ಟರಲ್ಲೇ ಸೊಂಟದಿಂದ ಫೋನು ತೆಗೆದು, ಸ್ಪೀಕರು ಹಾಕಿ, ನಿಡೋಣಿಗೆ ಹಚ್ಚಿಬಿಟ್ಟಿದ್ದರು.

"ಆತಂತ್ರೀ, ಆತು!"

ಆ ಕಡೆಯಿಂದ ನಮ್ಮವ್ವನ ಗಾಬರಿ ದನಿ ಬಂತು: "ಮತ್ತ ಯಾಕ್ರೀ ಬೀಗತ್ಯಾರ? ನನ್ನ ಮಗಳಿಗೆ ಆವತ್ತ ದವಾಖಾನ್ಯಾಗ ಆಗಿತ್ತಲ್ಲ?"

"ನಿಮ್ಮ ಮಗಳಿಗಲ್ರೀ! ಎಮ್ಮಿಗೆ!"

ನಮ್ಮವ್ವ ಉಸಿರುಬಿಟ್ಟು ಹೇಳಿದಳು: "ಹಂಗೇನು? ಪಾಪ, ಮೂಕ ಪ್ರಾಣಿ, ಎಷ್ಟ ನೊಂದೈತೋ. ನಾಳೆ ಟಂಟಂ ಮಾಡಿಕೊಂಡ ಎಲ್ಲಾರೂ ಮಾತಾಡಸಾಕ ಬರತೀವ್ರಿ. ಬಾಳಿಹಣ್ಣ ಎಷ್ಟ ಡಜನ್ ತರಲಿ?"